ಪ್ಲಗ್ಗಿನ ಮೂತಿ ನೋಡಿ ಇಂಜಿನ್ ಅಳೆಯುವ ಕಸುಬು

ಬಳ್ಳಾರಿ–ರಾಯದುರ್ಗ ರಸ್ತೆಯ ಡಿ. ಹಿರೇಹಾಳ್‌ನಂಥ ಊರಿಂದ ಬೆಂಗಳೂರಿನವರೆಗೆ, ಬೈಕಿಗೆ ಶಕ್ತಿ ಏರಿಸುವವರಲ್ಲಿ ಬೇರೂರಿದ ನಂಬಿಕೆಯೊಂದಿದೆ: ಇಂಜಿನ್ ‘ರೇಸ್’ ಮಾಡಿಸಿದರೆ ‘ಕೋಲ್ಡ್’ ಪ್ಲಗ್ ಹಾಕಲೇಬೇಕು, ಆಗ ಇಂಜಿನ್ ತಣ್ಣಗಿರುತ್ತದೆ. ಇದರಲ್ಲಿ ಅರ್ಧ ಮಾತ್ರ ನಿಜ. ಕೋಲ್ಡ್ ಪ್ಲಗ್ ಇಂಜಿನ್ನನ್ನು ತಣ್ಣಗೆ ಮಾಡುವುದಿಲ್ಲ, ತನ್ನ ಮೂತಿಯನ್ನಷ್ಟೇ ತಣ್ಣಗಿಟ್ಟುಕೊಳ್ಳುತ್ತದೆ. ಒಳಗಿನ ಪಿಂಗಾಣಿ ತುದಿ ಗಿಡ್ಡವಿದ್ದರೆ ಶಾಖ ಬೇಗ ಲೋಹಕ್ಕೆ ದಾಟಿ ಸಿಲಿಂಡರ್ ಹೆಡ್ಡಿಗೆ ಹೋಗುತ್ತದೆ, ಅದು ಕೋಲ್ಡ್. ಉದ್ದವಿದ್ದರೆ ಶಾಖ ಅಲ್ಲೇ ನಿಲ್ಲುತ್ತದೆ, ಅದು ಹಾಟ್. ಆ ಮೂತಿ ಸುಮಾರು 500 ಡಿಗ್ರಿ ಮುಟ್ಟದಿದ್ದರೆ ಮೇಲೆ ಕೂತ ಮಸಿ ಸುಟ್ಟುಹೋಗುವುದಿಲ್ಲ. 850 ದಾಟಿ ಇನ್ನೂ ಏರಿದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್‌ಗೆ ತೂತು ಬೀಳುತ್ತದೆ. ಪ್ಲಗ್ ಆಯ್ಕೆಯೆಂದರೆ ಈ ಎರಡು ಗೆರೆಗಳ ನಡುವೆ ಮೂತಿಯನ್ನು ಹಿಡಿದಿಡುವುದು.

ಈ ವಿದ್ಯೆಯನ್ನು ನಮ್ಮ ನಾಡಿನ ಮೆಕ್ಯಾನಿಕ್‌ಗಳಿಗೆ ಕಲಿಸಿದ್ದು ಟೂ ಸ್ಟ್ರೋಕ್ ಬೈಕುಗಳು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಟ್ಟಿದ ಜಾವಾ, ಯೆಜ್ಡಿಗಳು, ಜೊತೆಗೆ ಯಮಹಾ ಆರ್‌ಎಕ್ಸ್ 100. ಪೆಟ್ರೋಲಿನೊಂದಿಗೆ ಆಯಿಲ್ ಸುಡುವ ಈ ಇಂಜಿನ್‌ಗಳಲ್ಲಿ ಪ್ಲಗ್ಗಿಗೆ ಮಸಿ ಕಟ್ಟುವುದು ದಿನದ ಮಾತು. ಬೆಂಗಳೂರು ಆಡುಗೋಡಿಯ ಮೈಕೊ ಪ್ಲಗ್ ಬಿಚ್ಚಿ ನೋಡಿದರೆ ಸಾಕಿತ್ತು: ಕಂದು ಬಣ್ಣವಿದ್ದರೆ ಸರಿ, ಒಣ ಕರಿ ಮಸಿಯಿದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಪ್ಲಗ್ ಅತಿ ಕೋಲ್ಡ್, ಬಿಳಿಚಿ ಗುಳ್ಳೆ ಎದ್ದಿದ್ದರೆ ಅಪಾಯ. ನಂಬರಿನ ಗೊಂದಲ ಬೇರೆ. ಎನ್‌ಜಿಕೆಯಲ್ಲಿ ಅಂಕ ಏರಿದಷ್ಟೂ ಕೋಲ್ಡ್, ಈಗಿನ ಬಾಷ್‌ನಲ್ಲಿ ಇಳಿದಷ್ಟೂ ಕೋಲ್ಡ್. ಹಳೆಯ ಬಾಷ್ ನಂಬರುಗಳಲ್ಲಿ ಇದೂ ತಿರುಗುಮುರುಗು, 175ಕ್ಕಿಂತ 225 ಕೋಲ್ಡ್. ಅಂಗಡಿಯಲ್ಲಿ ಬರೀ ನಂಬರ್ ಹೇಳಿ ತಂದವರು ಎಡವಿದ್ದರೆ ಆಶ್ಚರ್ಯವಿಲ್ಲ.

ನಮ್ಮ ಕಡೆಯ ಬೇಸಿಗೆಗೇ ಕೋಲ್ಡ್ ಪ್ಲಗ್ ಬೇಕು ಎಂಬ ವಾದವೂ ಇದೆ. ಗಾಳಿ 10 ಡಿಗ್ರಿ ಹೆಚ್ಚು ಕಾದರೂ, 800 ಡಿಗ್ರಿಯ ಆಸುಪಾಸಿನಲ್ಲಿರುವ ಮೂತಿಗೆ ಅದು ದೊಡ್ಡ ವ್ಯತ್ಯಾಸವಲ್ಲ. ಇಗ್ನಿಷನ್ ಟೈಮಿಂಗ್ 10 ಡಿಗ್ರಿ ಮುಂದೆ ತಂದರೆ ಮೂತಿಯ ಬಿಸಿ 70ರಿಂದ 100 ಡಿಗ್ರಿ ಏರುತ್ತದೆ. ಎನ್‌ಜಿಕೆ ಪ್ಲಗ್ಗಿನ ಒಂದು ಅಂಕದ ಅಂತರವೂ ಸುಮಾರು ಅಷ್ಟೇ. ಹಾಗಾಗಿ ಕಂಪ್ರೆಷನ್, ಟೈಮಿಂಗ್, ಪೂರ್ತಿ ಆಕ್ಸಲರೇಟರ್‌ನಲ್ಲಿ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು, ಹೊರಗಿನ ಬಿಸಿಲನ್ನಲ್ಲ. ಬರೀ ಸೈಲೆನ್ಸರ್ ಬದಲಿಸಿದ ಬೈಕಿಗೆ ಕಂಪನಿ ಹೇಳಿದ ಪ್ಲಗ್ಗೇ ಸಾಕು. ‘ಕೋಲ್ಡ್ ಹಾಕಿದರೆ ಪಿಸ್ಟನ್ನಾದರೂ ಉಳಿಯುತ್ತದಲ್ಲ’ ಎನ್ನುವವರ ಮಾತಿನಲ್ಲಿ ತಥ್ಯವಿದೆ. ರೇಸ್ ಟ್ರ್ಯಾಕಿಗೆ ಅದೇ ಸರಿ. ಸಂತೆ ಬೀದಿಯಲ್ಲಿ ಎರಡನೇ ಗೇರಲ್ಲಿ ತೆವಳುವ ಬೈಕಿಗೆ ಅದು ಮಸಿ ಕಟ್ಟಿ ಕೈಕೊಡುತ್ತದೆ. ಇನ್ನೂ ಕೆಟ್ಟದ್ದೆಂದರೆ, ಕಾರ್ಬ್ಯುರೇಟರಿನ ಜೆಟ್ ಚಿಕ್ಕದಾಗಿ ಪೆಟ್ರೋಲ್ ಸಾಲದೆ ಇಂಜಿನ್ ಕಾಯುತ್ತಿದ್ದರೆ ಕೋಲ್ಡ್ ಪ್ಲಗ್ ಆ ರೋಗವನ್ನು ಮುಚ್ಚಿಡುತ್ತದೆ. ಮೊದಲು ಜೆಟ್ ಮತ್ತು ಟೈಮಿಂಗ್ ಸರಿಮಾಡಿಸಿ, ಖಾಲಿ ರಸ್ತೆಯಲ್ಲಿ ಪೂರ್ತಿ ವೇಗದಲ್ಲಿದ್ದಾಗಲೇ ಕ್ಲಚ್ ಹಿಡಿದು ಇಂಜಿನ್ ಆರಿಸಿ, ನಿಂತ ಮೇಲೆ ಪ್ಲಗ್ ಬಿಚ್ಚಿ ನೋಡಿ. ಆಗಲೂ ಬಿಳಿಚಿಕೊಂಡಿದ್ದರೆ ಒಂದು ಅಂಕ ಕೋಲ್ಡ್ ಹಾಕಿ, ಒಮ್ಮೆಗೇ ಎರಡು ಬೇಡ.