ಮನೋರೋಗಿಯ ಶುಶ್ರೂಷೆಯಲ್ಲಿ ಮನೆಯವರ ಪಾಲು

ನಮ್ಮ ಹಳ್ಳಿಗಳಲ್ಲಿ ಒಬ್ಬರಿಗೆ ಜ್ವರ ಬಂದರೆ ಊರೆಲ್ಲ ವಿಚಾರಿಸಲು ಬರುತ್ತದೆ. ಅದೇ ಮನಸ್ಸಿಗೆ ಬೇನೆ ಬಂದರೆ ಮನೆಯವರು ನಾಚಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಮನಸ್ಸಿನ ರೋಗವೂ ಇತರ ರೋಗಗಳಂತೆ ಒಂದು ರೋಗ. ಅದಕ್ಕೆ ಔಷಧಿಯಿದೆ. ಆದರೆ ರೋಗಿಯು ಮತ್ತೆ ಮನುಷ್ಯರೊಳಗೊಬ್ಬನಾಗಿ ಬಾಳಬೇಕಾದರೆ ಔಷಧಿಯೊಂದೇ ಸಾಲದು. ತನ್ನವರ ಆಸರೆಯೂ ಬೇಕು. ಆ ಆಸರೆ ಕೊಡುವ ಗುಣ ನಮ್ಮ ಬಾಳುವೆಯಲ್ಲಿಯೇ ಇದೆ. ಇದಕ್ಕೆ ಎರಡು ನಿದರ್ಶನಗಳನ್ನು ನೋಡೋಣ.

ಅಮೃತಸರದ ಡೇರೆಗಳು

1950ರ ದಶಕದಲ್ಲಿ ಪಂಜಾಬಿನ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳು ಕಿಕ್ಕಿರಿದಿದ್ದರು. ಅಲ್ಲಿನ ವೈದ್ಯರಾದ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆಯಲ್ಲಿ ಮನೆಯವರೂ ಇರುವಂತೆ ಮಾಡಿದರು. ರೋಗಿಗೆ ಉಣಿಸುವುದು, ಸಮಾಧಾನ ಹೇಳುವುದು, ರೋಗದ ಲಕ್ಷಣ ಗುರುತಿಸುವುದು, ಇವನ್ನೆಲ್ಲ ಮನೆಯವರು ಅಲ್ಲಿಯೇ ಕಲಿತರು. ಅವರ ಭಯ ಕಡಿಮೆಯಾಯಿತು. ರೋಗಿಯನ್ನು ಅಲ್ಲಿಯೇ ಬಿಟ್ಟುಹೋಗದೆ ಮನೆಗೆ ಕರೆದೊಯ್ಯುವುದು ಸುಲಭವಾಯಿತು.

ಗುಡಿಯಲ್ಲಿ ಕಂಡದ್ದು

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದ 31 ಮಂದಿ ರೋಗಿಗಳನ್ನು ಪರೀಕ್ಷಿಸಿ, 2002ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿ ಮಂತ್ರತಂತ್ರವಿರಲಿಲ್ಲ, ಔಷಧಿಯೂ ಇರಲಿಲ್ಲ. ರೋಗಿಗಳು ಮನೆಯವರೊಡನೆ ಸರಾಸರಿ ಆರು ವಾರ ತಂಗಿದ್ದು, ಪೂಜೆಯಲ್ಲಿ ಕೂಡಿ, ಅಂಗಳ ಗುಡಿಸಿ, ಗಿಡಗಳಿಗೆ ನೀರು ಹಾಕುತ್ತಿದ್ದರು. ಯಾರೂ ಅವರನ್ನು ಹಳಿಯುತ್ತಿರಲಿಲ್ಲ. ಅಷ್ಟಕ್ಕೇ ರೋಗದ ಲಕ್ಷಣಗಳು ಸುಮಾರು ಶೇಕಡ 20ರಷ್ಟು ತಗ್ಗಿದ್ದುವು.

ಹಾಗೆಂದು ಔಷಧಿ ಬೇಡವೆಂದು ತಿಳಿಯಬಾರದು. ನೋಡಿದ ರೋಗಿಗಳ ಸಂಖ್ಯೆ ಚಿಕ್ಕದು. ಲಕ್ಷಣ ತಗ್ಗಿತೇ ಹೊರತು ರೋಗ ಹೋಗಲಿಲ್ಲ. ಬರಿಯ ಆದರಕ್ಕೇ ಇಷ್ಟು ಗುಣವಿದ್ದರೆ, ಔಷಧಿಯೊಡನೆ ಅದು ಕೂಡಿದಾಗ ಎಷ್ಟು ನೆರವಾದೀತೆಂಬುದನ್ನು ಯೋಚಿಸಿ. ಆದುದರಿಂದಲೇ ಬಲ್ಲ ದಾದಿಯು ಹರಕೆಯನ್ನು ಹೀಗಳೆಯುವುದಿಲ್ಲ. “ದೇವರಿಗೆ ಕೈ ಮುಗಿಯಿರಿ, ಮಾತ್ರೆಯನ್ನೂ ತಪ್ಪಿಸಬೇಡಿರಿ” ಎನ್ನುತ್ತಾಳೆ. ಮನೆಯಲ್ಲಿ ರೋಗಿಯು ಯಾರ ಮಾತು ಕೇಳುತ್ತಾನೆಂದು ವಿಚಾರಿಸಿ, ಆ ಅಜ್ಜಿಗೋ ಅಣ್ಣನಿಗೋ ಮಾತ್ರೆ ಕೊಡುವ ಹೊಣೆ ವಹಿಸುತ್ತಾಳೆ.

ಸಂಕೋಲೆ ಬೇಡ

ನಮ್ಮ ರೂಢಿಗಳೆಲ್ಲವೂ ಒಳ್ಳೆಯವಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ರೋಗಿಗಳನ್ನಿಟ್ಟಿದ್ದ ಗುಡಿಸಲಿಗೆ ಬೆಂಕಿ ಬಿದ್ದಿತು. ಸಂಕೋಲೆಯಲ್ಲಿದ್ದ ಕಾರಣ ಓಡಲಾರದೆ 28 ಮಂದಿ ಸತ್ತರು. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ.

ಇನ್ನೊಂದು ತಪ್ಪು ಮದುವೆಯದು. ‘ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು’ ಎಂಬ ಗಾದೆಯನ್ನು ನಂಬಿ, ರೋಗ ಮುಚ್ಚಿಟ್ಟು ಮದುವೆ ಮಾಡುವವರುಂಟು. ಮದುವೆ ಔಷಧಿಯಲ್ಲ. ಇದರಿಂದ ಎರಡು ಮನೆಗಳು ದುಃಖಕ್ಕೀಡಾಗುತ್ತವೆ.

ಮನೆಯಲ್ಲಿ ಮಾಡಬೇಕಾದುದು

1. ನಿದ್ದೆಗೆಟ್ಟು, ಒಬ್ಬರೇ ಮಾತಾಡುತ್ತ, ಇಲ್ಲದ ದನಿ ಕೇಳುತ್ತದೆಂದರೆ, ಇಲ್ಲವೆ ಅಕಾರಣವಾಗಿ ಅನ್ನ, ಕೆಲಸ, ಮಾತು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

2. ಗುಣ ಕಂಡಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿರಿ. ರೋಗ ಮರುಕಳಿಸುವುದಕ್ಕೆ ಇದೊಂದು ಮುಖ್ಯ ಕಾರಣ.

3. ಎಲ್ಲರ ಪಂಕ್ತಿಯಲ್ಲಿಯೇ ಊಟಕ್ಕೆ ಕೂರಿಸಿರಿ. ಹಬ್ಬಕ್ಕೆ, ಜಾತ್ರೆಗೆ ಕರೆದೊಯ್ಯಿರಿ. ಹೆಸರಿಡಿದು ಕೂಗಿರಿ, ‘ಹುಚ್ಚ’ ಎನ್ನಬೇಡಿರಿ.

4. ಕೈಲಾಗುವ ಕೆಲಸ ಕೊಡಿರಿ. ದನಕ್ಕೆ ಹುಲ್ಲು ಹಾಕುವುದು, ಕಾಯಿಪಲ್ಯ ಬಿಡಿಸುವುದು, ಇಂಥವು. ತಪ್ಪಿದರೆ ಗದರಬೇಡಿರಿ.

5. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿರಿ. ಕ್ರಿಮಿನಾಶಕವನ್ನು ಕೈಗೆ ಸಿಗದಂತೆ ಇಡಿರಿ. ಕೂಡಲೇ ಆಸ್ಪತ್ರೆಗೆ ಹೋಗಿರಿ.

ಸಲಹೆಗಾಗಿ ಆಶಾ ಕಾರ್ಯಕರ್ತೆಯನ್ನು ಕೇಳಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿಗೆ, 14416ಕ್ಕೆ, ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ತಾಯಂದಿರೇ, ಅಣ್ಣಂದಿರೇ, ಆಸ್ಪತ್ರೆಯ ದಾದಿ ತಿಂಗಳಿಗೊಮ್ಮೆ ರೋಗಿಯನ್ನು ಕಂಡಾಳು. ಉಳಿದ ದಿನಗಳ ದಾದಿಯರು ನೀವೇ. ನಿಮ್ಮ ಬೀದಿಯಲ್ಲಿ ಬಾಗಿಲು ಮುಚ್ಚಿದ ಅಂಥ ಮನೆಯೊಂದಿದ್ದರೆ, ಇಂದೇ ಹೋಗಿ ವಿಚಾರಿಸಿಕೊಂಡು ಬನ್ನಿರಿ.