ಲೈಸೆನ್ಸ್ ನಂಬರ್ ಗೊತ್ತಿದ್ದ ಮಾತ್ರಕ್ಕೆ ಸರ್ಕಾರವಲ್ಲ!

ಮಾರ್ಚ್ ಬಂತೆಂದರೆ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ನಮ್ಮ ಪುಟ್ಟ ಆಫೀಸಿನ ಮೇಜಿನ ತುಂಬ ರಸೀದಿಗಳ ರಾಶಿ. ಏಪ್ರಿಲ್ 15ರೊಳಗೆ ಆದಾಯ ತೆರಿಗೆ ಲೆಕ್ಕ ಸಲ್ಲಿಸಬೇಕು. ಬರುವವರಲ್ಲಿ ರಿಯಲ್ ಎಸ್ಟೇಟ್ ಏಜೆಂಟರಾದ ಕನ್ನಡಿಗರೂ ಇದ್ದಾರೆ. ಇವರಲ್ಲಿ ಹೆಚ್ಚಿನವರು ಸಂಬಳದವರಲ್ಲ, ಕಮಿಷನ್ ಮೇಲೆ ದುಡಿಯುವವರು. ಕಾರು ಓಡಿದ ಮೈಲಿಯಿಂದ ಹಿಡಿದು ಲೈಸೆನ್ಸ್ ಶುಲ್ಕದವರೆಗೆ ಎಲ್ಲ ಖರ್ಚನ್ನೂ ನಾವು ಬರೆದಿಡಬೇಕು.

ಈ ಸಲ ಮಂಡ್ಯ ಕಡೆಯ ಸೋದರಿಯೊಬ್ಬರ ಫೈಲಿನಲ್ಲಿ ‘ಲೈಸೆನ್ಸ್ ನವೀಕರಣ, 389 ಡಾಲರ್’ ಎಂಬ ರಸೀದಿ ಸಿಕ್ಕಿತು. ಹಣ ಪಡೆದದ್ದು ರಾಜ್ಯ ಸರ್ಕಾರವಲ್ಲ, ಯಾವುದೋ ಖಾಸಗಿ ಕಂಪನಿ. ವಿಚಾರಿಸಿದೆವು.

‘ಸರ್ಕಾರದಿಂದಲೇ ಕಾಗದ ಬಂದಿತ್ತಲ್ಲಣ್ಣ! ನನ್ನ ಲೈಸೆನ್ಸ್ ನಂಬರು, ಮುಗಿಯೋ ತಾರೀಕು ಎಲ್ಲಾ ಸರಿಯಾಗೇ ಇತ್ತು’ ಎಂದರು.

ಸರ್ಕಾರಿ ಮುದ್ರೆಯಂಥ ಚಿತ್ರ, 10 ದಿನದಲ್ಲಿ ಹಣ ಕಟ್ಟದಿದ್ದರೆ ಲೈಸೆನ್ಸ್ ರದ್ದು ಎಂಬ ಎಚ್ಚರಿಕೆ, ಕೆಳಗೊಂದು ಕ್ಯೂಆರ್ ಕೋಡ್. ಅವರು ಕ್ರೆಡಿಟ್ ಕಾರ್ಡಿನಲ್ಲಿ ಹಣ ಕಟ್ಟಿದ್ದಷ್ಟೇ ಅಲ್ಲ, ಸೋಶಿಯಲ್ ಸೆಕ್ಯುರಿಟಿ ನಂಬರನ್ನೂ ತುಂಬಿ ಕಳಿಸಿದ್ದರು.

ಅವರೆದುರೇ ರಾಜ್ಯದ ರಿಯಲ್ ಎಸ್ಟೇಟ್ ಇಲಾಖೆಯ ಜಾಲತಾಣ ತೆರೆದು ನೋಡಿದೆವು. ನವೀಕರಣ ಆಗಿರಲೇ ಇಲ್ಲ. ಅವಧಿ ಮುಗಿಯಲು 19 ದಿನವಷ್ಟೇ ಬಾಕಿ. ಕೈಯಲ್ಲಿ ಎರಡು ಮನೆಗಳ ವ್ಯವಹಾರ. ಲೈಸೆನ್ಸ್ ಇಲ್ಲದೆ ಕಮಿಷನ್‌ಗಾಗಿ ಏಜೆಂಟ್ ಕೆಲಸ ಮಾಡುವುದು ಇಲ್ಲಿ ಅಪರಾಧ. 389 ಡಾಲರಿಗಿಂತ ದೊಡ್ಡ ನಷ್ಟ ಬಾಗಿಲಲ್ಲೇ ನಿಂತಿತ್ತು.

ಹಾಗಾದರೆ ಮೋಸಗಾರರಿಗೆ ನಂಬರು ಸಿಕ್ಕಿದ್ದು ಹೇಗೆ? ಗುಟ್ಟೇನಿಲ್ಲ. ಏಜೆಂಟರ ಹೆಸರು, ಲೈಸೆನ್ಸ್ ನಂಬರು, ಟಪಾಲು ವಿಳಾಸ, ಮುಗಿಯುವ ದಿನಾಂಕ ಎಲ್ಲವೂ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದಾದ ಮಾಹಿತಿ. ಮನೆ ಕೊಳ್ಳುವವರು ಏಜೆಂಟರನ್ನು ಪರೀಕ್ಷಿಸಿಕೊಳ್ಳಲಿ ಎಂದು ಮಾಡಿದ ಅನುಕೂಲವೇ ವಂಚಕರಿಗೆ ವಿಳಾಸಪಟ್ಟಿಯಾಗಿದೆ. ಆದ್ದರಿಂದ ಕಾಗದದಲ್ಲಿ ನಮ್ಮ ವಿವರ ಸರಿಯಾಗಿದೆ ಎಂಬುದು ಅದು ಅಸಲಿ ಎನ್ನುವುದಕ್ಕೆ ಸಾಕ್ಷಿಯಲ್ಲ.

ಅಸಲಿ ದಾರಿ ಸರಳವಾಗಿದೆ. ಇಲ್ಲಿ ಲೈಸೆನ್ಸ್ ಅವಧಿ 4 ವರ್ಷ. ನವೀಕರಣಕ್ಕೆ ಸಾಮಾನ್ಯವಾಗಿ 45 ಗಂಟೆಗಳ ಮುಂದುವರಿಕೆ ಶಿಕ್ಷಣ ಮುಗಿಸಿರಬೇಕು. ಅವಧಿ ಮುಗಿಯುವ 90 ದಿನ ಮೊದಲಿನಿಂದ ಇಲಾಖೆಯ ‘ಇ-ಲೈಸೆನ್ಸಿಂಗ್’ ಮೂಲಕ ಅರ್ಜಿ ಹಾಕಬಹುದು. ಓದಿನ ಪ್ರಸ್ತಾಪವೇ ಇಲ್ಲದೆ ‘ಹಣ ಕಟ್ಟಿ, ಸಾಕು’ ಎನ್ನುವ ಕಾಗದವನ್ನು ಅಲ್ಲೇ ಅನುಮಾನಿಸಿ. ಕ್ಯೂಆರ್ ಕೋಡ್, ಇಮೇಲ್ ಲಿಂಕ್ ಒತ್ತದೆ ‘ಡಾಟ್ ಗವ್’ ಎಂದು ಕೊನೆಯಾಗುವ ಇಲಾಖೆಯ ವಿಳಾಸವನ್ನು ನೀವೇ ಟೈಪ್ ಮಾಡಿ. ಕೋರ್ಸ್ ನಡೆಸುವವರಿಗೆ ಇಲಾಖೆಯ ಮಾನ್ಯತೆ ಇದೆಯೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ.

‘ನಿಮ್ಮ ಮೇಲೆ ತನಿಖೆ ನಡೆಯುತ್ತಿದೆ, ಲೈಸೆನ್ಸ್ ಅಮಾನತಾಗಲಿದೆ’ ಎಂದು ಫೋನಿನಲ್ಲಿ ಹೆದರಿಸುವವರೂ ಇದ್ದಾರೆ. ಫೋನಿನ ಪರದೆ ಮೇಲೆ ಕಾಣುವ ಸರ್ಕಾರಿ ನಂಬರೂ ನಕಲಿಯಾಗಿರಬಹುದು. ಫೋನಿಟ್ಟು, ಜಾಲತಾಣದಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ. ಗಿಫ್ಟ್ ಕಾರ್ಡಿನಲ್ಲಿ ಶುಲ್ಕ ಕೇಳುವ ಸರ್ಕಾರ ಯಾವ ಊರಲ್ಲೂ ಇಲ್ಲ.

ಹಣ ಕೊಟ್ಟುಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ. ಮೊದಲು ಕಾರ್ಡ್ ಕೊಟ್ಟ ಬ್ಯಾಂಕಿಗೆ ತಕರಾರು ಸಲ್ಲಿಸಿ. ಸೋಶಿಯಲ್ ಸೆಕ್ಯುರಿಟಿ ನಂಬರು ಕೊಟ್ಟಿದ್ದರೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಕ್ರೆಡಿಟ್ ಫ್ರೀಜ್ ಮಾಡಿಸಿ. ಇದು ಉಚಿತ. ಫೆಡರಲ್ ಟ್ರೇಡ್ ಕಮಿಷನ್‌ಗೆ ದೂರು ಕೊಡಿ. ಕಾಗದ, ಲಕೋಟೆ ಎರಡನ್ನೂ ಜೋಪಾನವಾಗಿಡಿ.

ಊರಿನಲ್ಲಿ ಇದೇ ವೃತ್ತಿಯಲ್ಲಿರುವ ಬಂಧುಗಳಿಗೂ ಈ ಮಾತು ಹೇಳಿ. ಕರ್ನಾಟಕ ರೇರಾದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯೂ ಸಾರ್ವಜನಿಕವೇ, ಆ ನೋಂದಣಿಗೂ 5 ವರ್ಷದ ಅವಧಿ ಇದೆ. ಅಲ್ಲಿ ಮೋಸ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು.

ನಮ್ಮ ಸೋದರಿ ರಾತ್ರಿಯೆಲ್ಲ ಕೂತು ಬಾಕಿ ಕೋರ್ಸ್ ಮುಗಿಸಿ, 4 ದಿನ ಉಳಿದಿರುವಾಗ ಅಸಲಿ ನವೀಕರಣ ಮಾಡಿಸಿಕೊಂಡರು. ಆ 389 ಡಾಲರ್ ಇನ್ನೂ ವಾಪಸ್ ಬಂದಿಲ್ಲ. ನಮ್ಮ ಲೆಕ್ಕದಲ್ಲಿ ಅದನ್ನು ಲೈಸೆನ್ಸ್ ಶುಲ್ಕದ ಸಾಲಿನಿಂದ ತೆಗೆದಿದ್ದೇವೆ. ಈಗ ಯಾವ ಕಾಗದ ಬಂದರೂ ಅವರು ಮೊದಲು ಅದರ ಫೋಟೊ ತೆಗೆದು ನಮಗೆ ಕಳಿಸುತ್ತಾರೆ, ‘ಅಣ್ಣ, ಇದು ಅಸಲೀನಾ?’