ಫ್ರಾನ್ಸಿನ ರುಚಿ, ನಂದಿಯ ಮಣ್ಣು

ಮಲ್ಲೇಶ್ವರದ ಸಂಪಿಗೆ ರಸ್ತೆಯ ತಳ್ಳುಗಾಡಿಗಳಲ್ಲಿ ಹಂಗಾಮಿಗೆ ರಾಶಿ ಬೀಳುವ ಕಪ್ಪು ದ್ರಾಕ್ಷಿಯೇ ‘ಬೆಂಗಳೂರು ನೀಲಿ’. ಸಿಪ್ಪೆ ದಪ್ಪ, ಪರಿಮಳವಂತೂ ಘಾಟು. ಜ್ಯೂಸಿಗೆ, ಜಾಮಿಗೆ ಸೊಗಸು. ಊಟದ ಜೊತೆ ಗುಟುಕರಿಸುವ ಫ್ರೆಂಚ್ ಬಗೆಯ ವೈನಿಗೆ ಒಗ್ಗದು.

ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋಗಿಬರುತ್ತಿದ್ದ ಉದ್ಯಮಿ ಕನ್ವಲ್ ಗ್ರೋವರ್ ಅಲ್ಲಿನ ಊಟಕ್ಕೂ ವೈನಿಗೂ ಮನಸೋತರು. ಷಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್ ನೆರವಿನಿಂದ ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ, ಕೊನೆಗೆ 1988ರಲ್ಲಿ ನೆಲೆನಿಂತದ್ದು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ.

ಮೆಚ್ಚಿದ ರುಚಿಯನ್ನು ಬಾಟಲಿಯಲ್ಲಿ ತರಬಹುದು. ಬಳ್ಳಿಯನ್ನು ಒಗ್ಗಿಸುವುದು ಬೇರೆ ಮಾತು. ಫ್ರಾನ್ಸಿನ ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ನಿದ್ರಿಸುತ್ತದೆ. ಇಲ್ಲಿ ಅದಕ್ಕೆ ನಿದ್ರೆಯೇ ಇಲ್ಲ! ಹಾಗಾಗಿ ವರ್ಷಕ್ಕೆರಡು ಸಲ ಸವರಬೇಕು: ಬೇಸಿಗೆಯಲ್ಲಿ ಕೊಂಬೆ ಬಲಿಯಲೆಂದು, ಮಳೆ ಹಿಂದೆ ಸರಿದಾಗ ಹಣ್ಣು ಕಟ್ಟಲೆಂದು. ಹಗಲಿನ ಬಿಸಿಲು ಸಕ್ಕರೆ ಕೂಡಿಸಿದರೆ, ಎತ್ತರದ ಸೀಮೆಯ ತಂಪು ರಾತ್ರಿ ಹುಳಿಯನ್ನು ಉಳಿಸುತ್ತದೆ.

ಅಂದಹಾಗೆ, ಗಾಡಿಯ ಮೇಲಿನ ‘ಬೆಂಗಳೂರು’ ದ್ರಾಕ್ಷಿಯ ಮೂಲವೂ ಅಮೆರಿಕದ ಬಳ್ಳಿಯೇ.